ಜೀನಿನ ಮೇಲಿನ ಕಾಡುಗುಲಾಬಿ

ವಯೋಮಿಂಗ್‌ನ ಹಳೆಯ ರ‍್ಯಾಂಚುಗಳಲ್ಲಿ ಕುದುರೆ ಧಣಿಯದು, ಜೀನು ಆಳಿನದು. ಈ ಕಟ್ಟಳೆ ತಿಳಿಯದೆ ಆ ನಾಡಿನ ಚರ್ಮದ ಕೆತ್ತನೆ ಅರ್ಥವಾಗುವುದು ಕಷ್ಟ. ದನ ಮೇಯಿಸುವ ಕೌಬಾಯ್ ಒಂದು ಹಂಗಾಮಿಗೆ ಇಲ್ಲಿ, ಮುಂದಿನ ಹಂಗಾಮಿಗೆ ಇನ್ನೆಲ್ಲೋ ಕೆಲಸಕ್ಕೆ ನಿಲ್ಲುತ್ತಿದ್ದ. ಹೋದಲ್ಲಿ ಸವಾರಿಗೆ ಬೇಕಾದ ಕುದುರೆಗಳನ್ನು ಧಣಿಯೇ ಕೊಡುತ್ತಿದ್ದ. ಜೀನು ಮಾತ್ರ ಆಳು ತಾನೇ ಹೊತ್ತು ತಂದದ್ದಾಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ ಸಂಬಳ ತಿಂಗಳಿಗೆ 30 ಡಾಲರ್ ಆಸುಪಾಸು. ಒಳ್ಳೆಯ ಜೀನಿಗೆ ಅದಕ್ಕಿಂತ ಹೆಚ್ಚೇ ಬೀಳುತ್ತಿತ್ತು. ಮನೆಯಿಲ್ಲ, ಹೊಲವಿಲ್ಲ, ಎಷ್ಟೋ ಜನಕ್ಕೆ ಹೆಂಡತಿ ಮಕ್ಕಳೂ ಇಲ್ಲ. ಇದ್ದ ಒಂದೇ ಆಸ್ತಿಯ ಮೇಲೆ ಹೂಬಳ್ಳಿ ಕೆತ್ತಿಸಿಕೊಂಡವನನ್ನು ಶೋಕಿಲಾಲ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಡೆನ್ವರ್‌ನಲ್ಲಿರುವ ಸೋದರಳಿಯ ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋಗುತ್ತೇನೆಂದಾಗ, ಷೆರಿಡನ್ ಮೇಲೆ ಹಾದು ಹೋಗೋಣ ಎಂದು ಹಟ ಹಿಡಿದೆ. “ಅಲ್ಲೇನಿದೆ ಮಾವ? ಎಲ್ರೂ ಪೆಟ್ರೋಲ್ ಹಾಕಿಸ್ಕೊಂಡು ಮುಂದಕ್ಕೆ ಹೋಗ್ತಾರೆ” ಎಂದ. ಜೀನು ನೋಡಬೇಕು ಎಂದೆ. ಸಾಫ್ಟ್‌ವೇರ್ ಹುಡುಗ, ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಆಯ್ತು ಎಂದ.

ಡೆನ್ವರ್‌ನಿಂದ ಷೆರಿಡನ್‌ಗೆ ಸುಮಾರು 700 ಕಿಲೋಮೀಟರ್. ಷೈಯೆನ್ ದಾಟಿದ ಮೇಲೆ ಕಣ್ಣಿಗೆ ಬೀಳುವುದು ಹುಲ್ಲು, ತಂತಿಬೇಲಿ, ಗಾಳಿ, ಮತ್ತೆ ಹುಲ್ಲು. ನಡುನಡುವೆ ಪ್ರಾಂಗ್‌ಹಾರ್ನ್ ಹಿಂಡು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗುತ್ತದೆ. ವಿಸ್ತೀರ್ಣದಲ್ಲಿ ವಯೋಮಿಂಗ್ ಕರ್ನಾಟಕಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 5,76,851 ಜನ. ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಕಾರಿನಲ್ಲಿ ಕೂತವನಿಗೆ ಇದು ನೋಟ. ಕುದುರೆಯ ಮೇಲಿದ್ದವನಿಗೆ ಇದೇ ತಾಪತ್ರಯವಾಗಿತ್ತು. ರಿಕಾಪಿನ ಪಟ್ಟಿ ಕಿತ್ತುಹೋದರೆ ಹತ್ತಿರದ ಅಂಗಡಿ ಒಂದು ಹಗಲಿನ ದಾರಿ. ಹಾಗಾಗಿ ಪ್ರತಿ ರ‍್ಯಾಂಚಿನಲ್ಲೂ ಆರಿ, ದಬ್ಬಳ, ಮೇಣ ಸವರಿದ ದಾರ, ಒಂದಿಷ್ಟು ತುಂಡು ಚರ್ಮ ಇರಲೇಬೇಕಿತ್ತು. ಹೊಲಿಯಲು ಬಾರದ ಆಳು ಅರ್ಧ ಆಳು. ಚರ್ಮದ ಕಲೆಗಾರರಲ್ಲಿ ಹಲವರು ಇಂಥ ರಿಪೇರಿಯಿಂದಲೇ ಶುರು ಮಾಡಿದವರು. ಹಿಮ ಬಿದ್ದು ಬಾಗಿಲು ಮುಚ್ಚಿದ ಚಳಿಗಾಲದಲ್ಲಿ ಕೈ ಸುಮ್ಮನಿರದೆ, ಹೊಲಿದ ಪಟ್ಟಿಯ ಮೇಲೆ ಒಂದು ಗೆರೆ, ಗೆರೆಯ ಪಕ್ಕ ಒಂದು ಎಲೆ.

ದಾರಿಯಲ್ಲಿ ಡಗ್ಲಸ್ ಎಂಬ ಊರು ಸಿಗುತ್ತದೆ. ಮೊಲಕ್ಕೆ ಕೊಂಬು ಬರಿಸಿ ‘ಜಾಕಲೋಪ್’ ಎಂದು ಹೆಸರಿಟ್ಟು ವಿಗ್ರಹವನ್ನೇ ನಿಲ್ಲಿಸಿಕೊಂಡಿರುವ ತಮಾಷೆಯ ಊರು. ನನಗೆ ಅದು ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಚರ್ಮ ಕೆತ್ತನೆಗಾರ ಡಾನ್ ಕಿಂಗ್ 1923ರಲ್ಲಿ ಹುಟ್ಟಿದ್ದು ಇಲ್ಲಿ. ತಂದೆ ಆರ್ಚಿ ಕಿಂಗ್ ರ‍್ಯಾಂಚಿನಿಂದ ರ‍್ಯಾಂಚಿಗೆ ಕೆಲಸ ಅರಸಿ ಅಲೆದ ಕೌಬಾಯ್. ಮಗನ ಬಾಲ್ಯವೂ ಆ ಅಲೆದಾಟದಲ್ಲೇ ಕಳೆಯಿತು. ಹದಿಹರೆಯದಲ್ಲೇ ಹುಡುಗ ಚರ್ಮದ ಕೆಲಸಕ್ಕೆ ಕೈ ಹಚ್ಚಿದ. 1946ರಲ್ಲಿ ಷೆರಿಡನ್‌ಗೆ ಬಂದು ರೂಡಿ ಮುಡ್ರಾ ಎಂಬ ಜೀನುಗಾರರ ಬಳಿ ಜೀನು ಕಟ್ಟುವುದನ್ನು ಕಲಿತ. ಅಲ್ಲಿಂದ ಮುಂದೆ ಅವರನ್ನು ಹುಡುಗ ಎನ್ನುವಂತಿಲ್ಲ. ಇಂದು ಜಗತ್ತಿನ ಚರ್ಮ ಕೆತ್ತನೆಗಾರರೆಲ್ಲ ‘ಷೆರಿಡನ್ ಶೈಲಿ’ ಎಂದು ಕರೆಯುವ ಹೂವಿನ ಕೆತ್ತನೆಗೆ ಮುಖ್ಯ ಕಾರಣರು ಅವರೇ.

ಷೆರಿಡನ್ ಬಿಗ್‌ಹಾರ್ನ್ ಬೆಟ್ಟಸಾಲಿನ ಪೂರ್ವದ ಮಡಿಲಲ್ಲಿದೆ. ಮೇನ್ ಸ್ಟ್ರೀಟ್ ಎಂಬ ಒಂದೇ ಬೀದಿಯಲ್ಲಿ ಊರಿನ ಹೆಚ್ಚಿನ ಕಥೆ ಮುಗಿಯುತ್ತದೆ. ಗೋಡೆಯ ಮರದ ಹಲಗೆಗಳಿಗೆ ರ‍್ಯಾಂಚುಗಳ ಬರೆಗುರುತು ಒತ್ತಿಸಿಕೊಂಡಿರುವ ಮಿಂಟ್ ಬಾರ್ ಆ ಬೀದಿಯಲ್ಲೇ ಇದೆ. ಕಿಂಗ್ಸ್ ಸ್ಯಾಡ್ಲರಿಯೂ ಅಲ್ಲೇ. 1963ರಲ್ಲಿ ಶುರುವಾದ ಅಂಗಡಿ. ಒಳಗೆ ಹೊಸ ಚರ್ಮದ ವಾಸನೆ ಮೂಗಿಗೆ ಹಿತವಾಗಿ ಹೊಡೆಯುತ್ತದೆ. ಆದರೆ ಜನ ಮುತ್ತಿಕೊಂಡಿದ್ದದ್ದು ಜೀನುಗಳನ್ನಲ್ಲ, ಹಿಂದಿನ ಕೋಣೆಯ ಹಗ್ಗಗಳನ್ನು. ದನಕ್ಕೆ ಕುಣಿಕೆ ಎಸೆಯುವ ನೈಲಾನ್ ಹಗ್ಗಗಳು ಸಾಲುಸಾಲಾಗಿ ತೂಗುಬಿದ್ದಿದ್ದವು. ಒಬ್ಬ ಯುವಕ ಒಂದೊಂದನ್ನೇ ತೆಗೆದು, ಕುಣಿಕೆ ಬಿಡಿಸಿ, ಮಣಿಕಟ್ಟಿನಲ್ಲಿ ಅದರ ಬಿಗಿ ನೋಡಿ, ಬೇಡವೆಂದು ಮತ್ತೆ ಸಿಕ್ಕಿಸುತ್ತಿದ್ದ. ನಮ್ಮ ಹೆಂಗಸರು ಸೀರೆ ಅಂಗಡಿಯಲ್ಲಿ ತೋರುವ ತಾಳ್ಮೆ ಅದು. ಅಂಗಡಿಯ ಹೆಸರಿರುವ ಟೋಪಿ ವಯೋಮಿಂಗ್‌ನ ಅರ್ಧ ತಲೆಗಳ ಮೇಲೆ ಇದೆಯೇನೋ ಎನಿಸುತ್ತದೆ. ಅಂಗಡಿಯನ್ನು ಸಾಕಿದ್ದು ಹಗ್ಗ ಮತ್ತು ಟೋಪಿ. ಕೆತ್ತನೆ ಅದರ ನೆರಳಲ್ಲಿ ಬೆಳೆಯಿತು. ಕಲೆಯ ಚರಿತ್ರೆ ಬರೆಯುವವರು ಈ ಹಗ್ಗದ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1984ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಈ ಸೀಮೆಗೆ ಬಂದಾಗ ಈ ಅಂಗಡಿಗೂ ಕಾಲಿಟ್ಟಿದ್ದರು. ಕುದುರೆ ಬಲ್ಲವರು ಕುದುರೆ ಸಾಮಾನಿನ ಅಂಗಡಿಗೆ ಬಂದದ್ದು ನನಗೇನೂ ಆಶ್ಚರ್ಯವಲ್ಲ. ಹಿತ್ತಲಿನ ಓಣಿ ದಾಟಿದರೆ ಡಾನ್ ಕಿಂಗ್ ಜೀವಮಾನವಿಡೀ ಕೂಡಿಹಾಕಿದ ಮ್ಯೂಸಿಯಂ. ನೂರಾರು ಜೀನುಗಳು, ಹಿಮ್ಮಡಿಯ ಮುಳ್ಳುಗಳು, ಗಾಡಿಗಳು, ಮೂಲನಿವಾಸಿಗಳ ಮಣಿಗೆಲಸ. ನಾನು ಹೆಚ್ಚು ಹೊತ್ತು ನಿಂತದ್ದು ಅವರ ಕೆತ್ತನೆಯ ಮುಂದೆ.

ಚರ್ಮದ ಮೇಲೆ ಹೂಬಳ್ಳಿ ಕೊರೆಯುವುದು ಅಮೆರಿಕದಲ್ಲಿ ಹುಟ್ಟಿದ ವಿದ್ಯೆಯಲ್ಲ. ಮೂರರು ಆಳಿದ ಸ್ಪೇನಿನಲ್ಲಿ, ಮುಖ್ಯವಾಗಿ ಕಾರ್ಡೋಬಾದಲ್ಲಿ, ಚರ್ಮದ ಅಲಂಕಾರ ದೊಡ್ಡ ಕಸುಬಾಗಿತ್ತು. ಸ್ಪೇನಿನವರೊಡನೆ ಅದು ಮೆಕ್ಸಿಕೊಗೆ ಬಂತು, ಅಲ್ಲಿನ ದನಗಾಹಿಗಳ ಜೀನೇರಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಆಮೇಲೆ ಬಯಲುಸೀಮೆಗೆ ಹಬ್ಬಿತು. ಹಳೆಯ ಕ್ಯಾಲಿಫೋರ್ನಿಯಾ ಜೀನುಗಳಲ್ಲಿ ಹೂವು ದೊಡ್ಡದು, ನಡುವೆ ಜಾಗ ಹೆಚ್ಚು. ಷೆರಿಡನ್‌ನಲ್ಲಿ ಹೂವು ಕಿರಿದಾಯಿತು, ಒತ್ತೊತ್ತಾಯಿತು. ಬಳ್ಳಿ ಸುತ್ತು ಹಾಕಿ ವೃತ್ತವಾಗುತ್ತದೆ, ವೃತ್ತದ ನಡುವೆ ಒಂದು ಹೂವು. ಆ ವೃತ್ತದಿಂದಲೇ ಟಿಸಿಲೊಡೆದು ಇನ್ನೊಂದು ಸುತ್ತು. ಹಳೇಬೀಡಿನ ಗೋಡೆಯ ಬಳ್ಳಿಯ ಪಟ್ಟಿಕೆ ನೋಡಿದವರಿಗೆ ಈ ಲಯ ಹೊಸದಲ್ಲ. ಹೂವು ಮಾತ್ರ ಬಿಗ್‌ಹಾರ್ನ್ ಬೆಟ್ಟದ ಕಾಡುಗುಲಾಬಿ. ಊರೊಳಗೆ ಹರಿಯುವ ಗೂಸ್ ಕ್ರೀಕ್ ಬದಿಯಲ್ಲಿ ಜೂನ್ ತಿಂಗಳಲ್ಲಿ ಅದು ಪೊದೆಪೊದೆಯಾಗಿ ಅರಳಿರುತ್ತದೆ. ತಿಳಿಗುಲಾಬಿ ಬಣ್ಣದ ಐದೇ ಎಸಳು. ಹೂವಾಡಿಗರು ಮೂಸಿಯೂ ನೋಡದಂಥ ಬಡ ಹೂವು.

ಈ ಶೈಲಿಯನ್ನು ಡಾನ್ ಕಿಂಗ್ ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅದೇ ಊರಿನಲ್ಲಿ ಅರ್ನ್‌ಸ್ಟ್ ಅವರ ಹಳೆಯ ಜೀನಂಗಡಿ ಇತ್ತು. ಚೆಸ್ಟರ್ ಹೇಪ್, ಬಿಲ್ ಗಾರ್ಡ್‌ನರ್ ಅವರಂಥ ನುರಿತ ಕೈಗಳಿದ್ದವು. ಒಬ್ಬರ ಬಳ್ಳಿಯನ್ನು ಇನ್ನೊಬ್ಬರು ನೋಡಿ, ಕದ್ದು, ತಿದ್ದಿ ಬೆಳೆಸಿದ ಕೆಲಸ ಇದು. 1991ರಲ್ಲಿ ಡಾನ್ ಕಿಂಗ್ ಅವರಿಗೆ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಜಾನಪದ ಮತ್ತು ಪರಂಪರೆಯ ಕಲೆಗಳಿಗೆ ಆ ದೇಶ ಕೊಡುವ ಅತಿದೊಡ್ಡ ಗೌರವ ಅದು. 2007ರಲ್ಲಿ ಅವರು ತೀರಿಕೊಂಡರು. ತಂದೆಯ ಪಕ್ಕ ಕೂತು ಕೆತ್ತನೆ ಕಲಿತು, ಕಿಂಗ್ ಅಂಗಡಿಯಲ್ಲಿ ದುಡಿದ ಜೇಮ್ಸ್ ಜಾಕ್ಸನ್ ಅವರಿಗೆ 2019ರಲ್ಲಿ ಅದೇ ಗೌರವ ಸಂದಿತು. ಎರಡೂ ಒಂದೇ ಸಣ್ಣ ಊರಿಗೆ.

ಮ್ಯೂಸಿಯಂನ ಜೀನು ಎಷ್ಟು ನೋಡಿದರೂ ಅದು ಮುಗಿದ ಕೆಲಸ. ಕೈ ಓಡುವುದನ್ನು ನೋಡಬೇಕಿತ್ತು. ಅಳಿಯನ ಸಹೋದ್ಯೋಗಿಯೊಬ್ಬರ ಪರಿಚಯದಿಂದ, ಬೆಟ್ಟದ ಬುಡದಲ್ಲಿರುವ ಒಬ್ಬ ಕೆತ್ತನೆಗಾರರ ಕೊಟ್ಟಿಗೆಗೆ ಹೋಗುವಂತಾಯಿತು. ಅರವತ್ತು ದಾಟಿದ ಗಟ್ಟಿ ಆಳು. ಹೆಸರು ಬರೆಯಬೇಡಿ, ಆಮೇಲೆ ಫೋನು ನಿಲ್ಲುವುದಿಲ್ಲ ಎಂದರು.

ಅವರ ತಂದೆಯೂ ಪರರ ರ‍್ಯಾಂಚಿನಲ್ಲಿ ದುಡಿದವರು. ಇವರು ಹುಡುಗನಾಗಿದ್ದಾಗ ಒಂದು ಕುದುರೆ ಜೀನು ಸಮೇತ ಮಗುಚಿ ಬಿದ್ದು ಅಪ್ಪನ ಜೀನಿನ ಒಳಗಿನ ಮರದ ಕಟ್ಟು ಮುರಿಯಿತಂತೆ. ಅಪ್ಪ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಹೊಲಿಗೆ ಬಿಚ್ಚಿ ಹರಡಿದರು. “ಮೇಲೆ ಕಾಣುವ ಹೂವಿಗಿಂತ ಒಳಗೆ ಕಾಣದ ಕೆಲಸ ಎಷ್ಟಿದೆ ಅಂತ ಅವತ್ತು ನೋಡಿದೆ” ಎಂದರು. ಮರದ ಕಟ್ಟು, ಅದಕ್ಕೆ ಬಿಗಿದ ಹಸಿ ತೊಗಲು, ಅದರ ಮೇಲೆ ಪದರ ಪದರವಾಗಿ ಚರ್ಮ. ಶಾಲೆಯ ದಿನಗಳಲ್ಲಿ ಬೆಲ್ಟಿನ ಮೇಲೆ ಹೆಸರು ಕೊರೆದು, ರೋಡಿಯೊ ಎಂಬ ಕೌಬಾಯ್ ಪಂದ್ಯಗಳು ನಡೆಯುವಲ್ಲಿ ಮಾರಿದರು. ಆಮೇಲೆ ಒಂದು ಜೀನಂಗಡಿಗೆ ಸೇರಿದರೆ, ಅಲ್ಲಿ ಬಹಳ ಕಾಲ ಕೆತ್ತುವ ಚಾಕು ಮುಟ್ಟಲು ಬಿಡಲಿಲ್ಲ. ಕಸ ಗುಡಿಸುವುದು, ಅಂಚು ಹೆರೆಯುವುದು, ಹೊಲಿಯುವುದು. ಹೂವು ಕೊನೆಗೆ ಸಿಗುವ ಕೆಲಸ. ನಮ್ಮ ಸಂಗೀತದ ಮೇಷ್ಟ್ರುಗಳು ವರ್ಷಗಟ್ಟಲೆ ಸರಳೆ ಹೇಳಿಸುವುದನ್ನು ಹೇಳಿದೆ. ಆ ಮೇಷ್ಟ್ರು ನಮ್ಮ ಧಣಿಗೆ ನೆಂಟರಿರಬೇಕು ಎಂದು ನಕ್ಕರು. ಈಗಲೂ ಚಳಿಗಾಲದ ಕೊನೆಗೆ ಹಸುಗಳು ಕರು ಹಾಕತೊಡಗಿದರೆ ಉಳಿ ಬದಿಗಿಟ್ಟು ಪಕ್ಕದ ರ‍್ಯಾಂಚಿಗೆ ರಾತ್ರಿ ಪಾಳಿಗೆ ಹೋಗುತ್ತಾರೆ.

ಗ್ರಾನೈಟ್ ಚಪ್ಪಡಿಯ ಮೇಲೆ ಐದಾರು ಮಿಲಿಮೀಟರ್ ದಪ್ಪದ ಚರ್ಮದ ತುಂಡು. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮಕ್ಕೆ ಕೆತ್ತನೆ ಕೂರುವುದಿಲ್ಲ. ಒತ್ತಿದ್ದು ಮತ್ತೆ ಮೇಲೆದ್ದುಬಿಡುತ್ತದೆ. ಮರದ ತೊಗಟೆಯ ಒಗರಿನಲ್ಲಿ ವಾರಗಟ್ಟಲೆ ನೆಂದ ಚರ್ಮವೇ ಬೇಕು. ಅದನ್ನು ಸ್ಪಂಜಿನಿಂದ ನೆನೆಸಿ ಸುಮ್ಮನೆ ಬಿಟ್ಟರು. ಒದ್ದೆ ಚರ್ಮ ಕಪ್ಪಾಗಿ, ನಿಧಾನಕ್ಕೆ ತನ್ನ ಹಳೆಯ ಬಣ್ಣಕ್ಕೆ ಹಿಂದಿರುಗತೊಡಗಿತು. ಆಗಾಗ ಎತ್ತಿ ಕೆನ್ನೆಗೆ ಹಿಡಿದು ನೋಡುತ್ತಿದ್ದರು. ನೋಡಲು ಒಣಗಿರಬೇಕು, ಕೆನ್ನೆಗೆ ತಣ್ಣಗಿರಬೇಕು. ನೀರು ಹೆಚ್ಚಾದರೆ ಗುರುತು ನಿಲ್ಲುವುದಿಲ್ಲ, ಕಡಿಮೆಯಾದರೆ ಗುರುತೇ ಮೂಡುವುದಿಲ್ಲ. ನನ್ನ ಕೆನ್ನೆಗೂ ಹಿಡಿದರು. ತಣ್ಣಗಿತ್ತು ಎನ್ನುವುದು ಬಿಟ್ಟು ನನಗೇನೂ ತಿಳಿಯಲಿಲ್ಲ.

ಚಾಕು ನಮ್ಮ ಕಿರುಬೆರಳಷ್ಟು. ತೋರುಬೆರಳು ಮೇಲಿನ ಕೊಕ್ಕೆಯಲ್ಲಿ ಕೂತು ಒತ್ತುತ್ತದೆ; ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಹಿಡಿಯನ್ನು ತಿರುಗಿಸುತ್ತವೆ. ಅಲಗು ಗಿರಗಿರ ತಿರುಗುವುದರಿಂದ ಬಳ್ಳಿಯ ಸುತ್ತನ್ನು ಎಲ್ಲೂ ತಡೆಯದೆ ಒಂದೇ ಎಳೆತದಲ್ಲಿ ಮುಗಿಸಬಹುದು. ಚರ್ಮದ ಅರ್ಧ ದಪ್ಪ ಮೀರದಂತೆ ಗೆರೆ ಬಿತ್ತು. ಆಮೇಲೆ ಉಕ್ಕಿನ ಸಣ್ಣ ಅಚ್ಚುಗಳ ಸರದಿ. ಗೆರೆಯ ಒಂದು ಬದಿಯನ್ನು ತಗ್ಗಿಸುತ್ತಾ ಕೊಡತಿಯಿಂದ ತಟತಟನೆ ತಟ್ಟಿಕೊಂಡು ಹೋದಂತೆ, ಚಪ್ಪಟೆಯಾಗಿದ್ದ ಎಸಳು ಮೇಲೆದ್ದು ಬಂತು. ಏಟು ಬಿದ್ದಲ್ಲೆಲ್ಲ ಚರ್ಮ ಜೇನುಕಂದಾಗುತ್ತಿತ್ತು. ತೇವ ಸರಿಯಿದೆ ಎನ್ನುವುದಕ್ಕೆ ಆ ಬಣ್ಣವೇ ಸಾಕ್ಷಿ. ಎಸಳಿನ ಒಳಗುಳಿ, ಎಲೆಯ ನರ, ಹೂವಿನ ನಡುವಿನ ಕಾಳು, ಎಲ್ಲಕ್ಕೂ ಬೇರೆ ಬೇರೆ ಅಚ್ಚು. ಕೆಲವನ್ನು ಅವರೇ ದೊಡ್ಡ ಮೊಳೆ ಅರದಿಂದ ಉಜ್ಜಿ ಮಾಡಿಕೊಂಡಿದ್ದರು. ಹಿನ್ನೆಲೆಯ ಜಾಗವನ್ನು ಒತ್ತಿ ಕಪ್ಪಾಗಿಸಿದ ಮೇಲೆ ಕೊನೆಯದಾಗಿ ಮತ್ತೆ ಚಾಕು. ಎಸಳಿನಿಂದ ಹೊರಟು ತೆಳುವಾಗುತ್ತಾ ಮಾಯವಾಗುವ ಅಲಂಕಾರದ ಗೆರೆಗಳು. ಇವಕ್ಕೆ ಅಡಿ ಗುರುತಿಲ್ಲ, ಅಳಿಸುವ ದಾರಿಯೂ ಇಲ್ಲ. ಅಷ್ಟು ಹೊತ್ತು ಮಾತಾಡುತ್ತಿದ್ದವರು ಆಗ ಮಾತು ನಿಲ್ಲಿಸಿದರು.

ಮೂಲೆಯಲ್ಲಿ ರಿಪೇರಿಗೆ ಬಂದ ಹಳೆಯ ಜೀನು ಇತ್ತು. ನನ್ನ ಮಟ್ಟಿಗೆ ಆ ಮಧ್ಯಾಹ್ನದ ಪಾಠ ಅದರಲ್ಲೇ ಇತ್ತು. ಸವಾರನ ಕಾಲು ಉಜ್ಜುವ ಕಡೆ ಹೂವು ಸವೆದು ಬರೀ ನುಣುಪು ಉಳಿದಿತ್ತು. ಮುಂಭಾಗದ ಉಬ್ಬಿನ ಬಲಕ್ಕೆ ಸುಟ್ಟಂಥ ಗೀರುಗಳು. ದನದ ಕೊರಳಿಗೆ ಕುಣಿಕೆ ಬಿದ್ದ ಮೇಲೆ ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತುತ್ತಾರೆ. ಆಗ ಬಲಗೈ ಸವಾರನ ಹಗ್ಗ ಹರಿದಾಡುವುದು ಅಲ್ಲೇ. “ಇಲ್ಲಿ ಒಳ್ಳೆಯ ಹೂವು ಹಾಕಿದವನು ಹಗ್ಗ ಬೀಸಿದವನಲ್ಲ” ಎಂದರು. ದುಡಿಯುವ ಜೀನಿಗೆ ಎಲ್ಲಿ ಆಳವಾಗಿ ಕೆತ್ತಬೇಕು, ಎಲ್ಲಿ ಕೈ ಹಗುರ ಮಾಡಬೇಕು, ಎಲ್ಲಿ ಬಿಟ್ಟುಬಿಡಬೇಕು ಎನ್ನುವುದನ್ನು ಅವರ ತೊಡೆ, ಮೊಣಕಾಲುಗಳು ಮೊದಲೇ ಕಲಿತಿದ್ದವು. ರ‍್ಯಾಂಚಿನ ಬದುಕು ಕಲಾವಿದನ ಹಿನ್ನೆಲೆಗೆ ಹಚ್ಚುವ ಬಣ್ಣ ಎಂದುಕೊಂಡಿದ್ದವರು ಇಲ್ಲಿಗೆ ಬರಬೇಕು. ಅದು ಕಸುಬಿನ ತರಬೇತಿ. ಅಚ್ಚು, ಚಾಕುಗಳಷ್ಟೇ ನಿಜವಾದ ಸಲಕರಣೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಚರ್ಮದ ಕೆತ್ತನೆ ಮನೆಮನೆಯ ಹವ್ಯಾಸವಾಯಿತು, ಟ್ಯಾಂಡಿಯಂಥ ಕಂಪನಿಗಳು ಅದರ ಸಲಕರಣೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದವು. ಹೂವು ಕೊರೆಯಲು ಸಾವಿರಾರು ಜನ ಕಲಿತರು. ಹೂವನ್ನು ಎಲ್ಲಿ ಕೊರೆಯಬಾರದು ಎನ್ನುವುದು ಪೆಟ್ಟಿಗೆಯಲ್ಲಿ ಬರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು, ಕೇಳಿದೆ. ಡಾನ್ ಕಿಂಗ್ ಹಲವು ವರ್ಷ ರೋಡಿಯೊ ವಿಶ್ವ ಚಾಂಪಿಯನ್ನರ ಬಹುಮಾನದ ಜೀನುಗಳನ್ನು ಮಾಡಿದರು. ಅವರ ಕೆತ್ತನೆಗೆ ಹೆಸರು ತಂದುಕೊಟ್ಟವುಗಳಲ್ಲಿ ಅವೂ ಇವೆ. ಬಹುಮಾನದ ಜೀನು ಕುದುರೆಯ ಬೆವರು ಕಾಣುವುದೇ ಅಪರೂಪ, ನೇರ ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಹಾಗಾದರೆ ನಿಮ್ಮ ಮಾತು ಎಲ್ಲಿ ನಿಂತಿತು? ಅವರು ಕೊಡತಿ ಕೆಳಗಿಟ್ಟು ಛಾವಣಿ ತೋರಿಸಿದರು. “ಈ ತಗಡು ಹಾಕಿಸಿದ್ದು ಗಾಜಿನ ಪೆಟ್ಟಿಗೆಯ ದುಡ್ಡಿನಲ್ಲೇ. ನಾನದನ್ನು ಬೈಯಲಾರೆ.” ಮೈತುಂಬ ಕೆತ್ತಿದ ಜೀನಿಗೆ ತಿಂಗಳುಗಳೇ ಹಿಡಿಯಬಹುದು, ಬೆಲೆ ಸಾವಿರಾರು ಡಾಲರ್. ಈಗಿನ ಕೌಬಾಯ್ ಸಂಬಳದಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಷೆರಿಡನ್ ಹೂವು ಈಗ ಹೆಚ್ಚಾಗಿ ಬೆಲ್ಟು, ಪರ್ಸುಗಳ ಮೇಲೆ ಬದುಕುತ್ತಿದೆ. ಜಪಾನಿನಲ್ಲಿ ಅದಕ್ಕೆ ದೊಡ್ಡ ಅಭಿಮಾನಿ ಬಳಗವೇ ಇದೆ. ಮೇ ತಿಂಗಳಲ್ಲಿ ಷೆರಿಡನ್‌ನಲ್ಲಿ ನಡೆಯುವ ಚರ್ಮೋದ್ಯಮದ ಮೇಳಕ್ಕೆ ಹೊರದೇಶದ ಕೆತ್ತನೆಗಾರರೂ ಬರುತ್ತಾರೆ. ಅವರಲ್ಲಿ ಎಷ್ಟೋ ಜನ ದನದ ಹಿಂದೆ ಹೋದವರಲ್ಲ, ಕೈ ಮಾತ್ರ ಬೆರಗು ಹುಟ್ಟಿಸುವಂಥದ್ದು. ನನ್ನ ಕೆತ್ತನೆಗಾರರು ಇದನ್ನು ಒಪ್ಪಿಕೊಂಡರು, ಆದರೆ ಸ್ವಲ್ಪ ತಡವಾಗಿ.

ಹಿಂದಿರುಗುವಾಗ ಕಾರಿನಲ್ಲಿ ಅಳಿಯ ಕೇಳಿದ: “ನಮ್ಮಲ್ಲಿ ಯಾಕೆ ಹೀಗೆ ಆಗ್ಲಿಲ್ಲ ಮಾವ?” ನಮ್ಮಲ್ಲೂ ಚರ್ಮವಿತ್ತು, ಒಗರಿತ್ತು. ತಂಗಡಿ ತೊಗಟೆಯಲ್ಲಿ ಹದವಾದ ದಕ್ಷಿಣ ಭಾರತದ ಚರ್ಮ ಹತ್ತೊಂಬತ್ತನೆಯ ಶತಮಾನದಲ್ಲೇ ಹಡಗೇರಿ ಲಂಡನ್‌ಗೆ ಹೋಗುತ್ತಿತ್ತು. ಅಥಣಿಯ ಕಡೆಯ ಕುಶಲಕರ್ಮಿಗಳು ತಯಾರಿಸುವ ಚಪ್ಪಲಿಗೆ ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿದ್ದು. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್ ಇದೆ. ಇಲ್ಲದ್ದು ಚರ್ಮ ಮುಟ್ಟಿದ ಕೈಗೆ ಮರ್ಯಾದೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ನಂಟು ಬೆಳೆದದ್ದಕ್ಕೆ ಕಲ್ಯಾಣ ಏನು ಕೊಟ್ಟಿತು ಎನ್ನುವುದು ನಮಗೆಲ್ಲ ಗೊತ್ತು. ಷೆರಿಡನ್‌ನಲ್ಲಿ ಕೂಲಿ ಕೌಬಾಯ್‌ನ ಮಗ ಚರ್ಮ ಕೆತ್ತಿ ದೇಶದ ಗೌರವ ಪಡೆದರು. ನಮ್ಮಲ್ಲಿ ಅದೇ ಕಸುಬಿನ ಮನೆಯ ಮಕ್ಕಳು ಕಸುಬು ಬಿಟ್ಟರೆ ಗೌರವ ಸಿಗುತ್ತದೆ ಎಂದು ನಂಬುವಂತಾಗಿದೆ, ಅದರಲ್ಲಿ ಅವರ ತಪ್ಪಿಲ್ಲ.

ಹಾಗೆಂದು ಅಮೆರಿಕವನ್ನು ತಲೆಯ ಮೇಲೆ ಹೊರುವುದೂ ಬೇಡ. ಷೆರಿಡನ್‌ನಿಂದ ಉತ್ತರಕ್ಕೆ, ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ ಲಿಟಲ್ ಬಿಗ್‌ಹಾರ್ನ್. 1876ರಲ್ಲಿ ಮೂಲನಿವಾಸಿಗಳಾದ ಲಕೋಟಾ ಮತ್ತು ಷೈಯೆನ್ ಯೋಧರು ಅಮೆರಿಕ ಸೇನೆಯ ಕಸ್ಟರ್‌ನ ಪಡೆಯನ್ನು ಅಲ್ಲೇ ಹೊಡೆದು ಕೆಡವಿದರು. ಕೆಲವೇ ವರ್ಷಗಳಲ್ಲಿ ಬಯಲೆಲ್ಲ ಅವರ ಕೈತಪ್ಪಿ ರ‍್ಯಾಂಚುಗಳಾಯಿತು. ಕಿಂಗ್ ಮ್ಯೂಸಿಯಂನಲ್ಲಿ ಅವರ ಮಣಿಗೆಲಸವೂ ಜೀನುಗಳ ಜೊತೆಗೇ ಇದೆ. ಎರಡನ್ನೂ ನೋಡದೆ ಹೊರಬರಬೇಡಿ.

ಮೌಂಟ್ ರಶ್ಮೋರ್ ನೋಡಿಕೊಂಡು ಯೆಲ್ಲೋಸ್ಟೋನ್ ಕಡೆ ಹೋಗುವ ನಮ್ಮವರಲ್ಲಿ ಹಲವರು ಷೆರಿಡನ್ ಮೇಲೆಯೇ ಹಾದುಹೋಗುತ್ತಾರೆ. ಹೆದ್ದಾರಿ ಬಿಟ್ಟು ಮೇನ್ ಸ್ಟ್ರೀಟ್‌ಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಭಾನುವಾರ ಮಾತ್ರ ಹೋಗಬೇಡಿ, ಅಂಗಡಿಗೆ ರಜೆ. ಕಾಡುಗುಲಾಬಿಯನ್ನು ಚರ್ಮದ ಮೇಲೂ ಹಳ್ಳದ ದಂಡೆಯಲ್ಲೂ ಒಟ್ಟಿಗೆ ನೋಡಬೇಕೆಂದಿದ್ದರೆ ಜೂನ್‌ನಲ್ಲಿ ಹೋಗಿ.